ವೇದಿಕೆಯ ಮೇಲೆ ನಕ್ಕವರು, ನಗದೆ ನಿಂತವರು

ಪ್ರಶ್ನೆ: ಆರು ತಿಂಗಳಿನಿಂದ ಯೂಟ್ಯೂಬ್‌ನಲ್ಲಿ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದ ಸ್ಕಿಟ್‌ಗಳನ್ನು ನೋಡುತ್ತಿದ್ದೇನೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಕ್ಕಳು ಕಳಿಸುವ ತುಣುಕುಗಳಲ್ಲಿ ಹೆಚ್ಚಿನವು ನಟರು ಪಾತ್ರ ಮರೆತು ಕಿಸಕ್ಕನೆ ನಕ್ಕುಬಿಡುವಂಥವು. ಅದೇ ಅವುಗಳ ಸೊಗಸು ಎಂದು ಅವರ ವಾದ. ಹವ್ಯಾಸಿ ರಂಗಭೂಮಿಯಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದ ನಮ್ಮ ತಂದೆಯವರು ಮಾತ್ರ, ನಟ ನಕ್ಕರೆ ದೃಶ್ಯ ಸತ್ತಂತೆ ಎನ್ನುತ್ತಾರೆ. ಯಾರ ಮಾತು ಸರಿ? ಇಷ್ಟು ವರ್ಷ ನೋಡಿದ ನಿಮಗೆ ಅಲ್ಲಿನ ಮೆಚ್ಚಿನ ನಟರು ಯಾರು?

ಉತ್ತರ: ನಿಮ್ಮ ತಂದೆಯವರ ಮಾತಿಗೆ ನಾನು ಹೆಚ್ಚು ಹತ್ತಿರದಲ್ಲಿದ್ದೇನೆ, ಆದರೆ ಅವರು ಕೊಡುವ ಕಾರಣ ನನ್ನದಲ್ಲ. ನಟನೊಬ್ಬ ನಕ್ಕಮಾತ್ರಕ್ಕೆ ದೃಶ್ಯ ಸಾಯುವುದಿಲ್ಲ. ಅವನು ನಕ್ಕ ಆ ಗಳಿಗೆಯಲ್ಲಿ ಎದುರಿಗೆ ನಿಂತಿರುವವರು ಯಾರು, ಅವರು ಏನು ಮಾಡುತ್ತಿದ್ದಾರೆ ಎಂಬುದರ ಮೇಲೆ ಅದು ಉಳಿಯುವುದೋ ಬೀಳುವುದೋ ನಿಂತಿರುತ್ತದೆ. 1992ರಲ್ಲಿ ಓದಲೆಂದು ಒಹಾಯೋಗೆ ಹೋದಾಗ ಹಿಡಿದ ಈ ಹುಚ್ಚು ಇನ್ನೂ ಬಿಟ್ಟಿಲ್ಲ. ಮೊದಮೊದಲು ಗಂಟಲು ಹರಿಯುವಂತೆ ಕೂಗಿ, ಮೇಜು ಮುರಿದು ನಗಿಸುವವರ ಅಭಿಮಾನಿಯಾಗಿದ್ದವನು, ವರ್ಷ ಕಳೆದಂತೆ ಅವರ ಪಕ್ಕದಲ್ಲಿ ನಗದೆ ನಿಲ್ಲುವವರ ಅಭಿಮಾನಿಯಾಗಿದ್ದೇನೆ. ನಿಮ್ಮ ಎರಡು ಪ್ರಶ್ನೆಗಳಿಗೂ ನನ್ನ ಉತ್ತರ ಇದರಲ್ಲೇ ಇದೆ. (ಒಂದು ಮಾತು: ಆ ಕಸುಬಿನವರು ತಮ್ಮದನ್ನು ‘ಸ್ಕೆಚ್’ ಎನ್ನುತ್ತಾರೆ, ‘ಸ್ಕಿಟ್’ ಎಂದರೆ ಶಾಲಾ ವಾರ್ಷಿಕೋತ್ಸವದ ಪ್ರಹಸನವೆಂದು ಮೂಗು ಮುರಿಯುತ್ತಾರೆ. ನಮ್ಮಲ್ಲಿ ಟಿವಿಯವರೂ ನೋಡುಗರೂ ಸ್ಕಿಟ್ ಎಂದೇ ಹೇಳುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.)

ನಟರು ಅಲ್ಲಿ ಯಾಕೆ ನಗುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಆ ಕಾರ್ಯಕ್ರಮ ತಯಾರಾಗುವ ಬಗೆಯನ್ನು ತಿಳಿಯಬೇಕು. ಕೆನಡಾದಿಂದ ಬಂದ ಲೊರ್ನ್ ಮೈಕಲ್ಸ್ ಎಂಬ ನಿರ್ಮಾಪಕರು 1975ರ ಅಕ್ಟೋಬರ್ 11ರಂದು ಇದನ್ನು ಆರಂಭಿಸಿದರು. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನಲ್ಲಿರುವ ಎನ್‌ಬಿಸಿ ವಾಹಿನಿಯ 8ಎಚ್ ಸ್ಟುಡಿಯೋದಿಂದ ಶನಿವಾರ ರಾತ್ರಿ ಹನ್ನೊಂದೂವರೆಗೆ ಶುರುವಾಗಿ ಒಂದೂವರೆ ಗಂಟೆ ನೇರ ಪ್ರಸಾರವಾಗುವ ಈ ಕಾರ್ಯಕ್ರಮದಲ್ಲಿ ಆ ವಾರದ ಅತಿಥಿ ಯಾರೆಂಬುದು ಮೊದಲೇ ಗೊತ್ತಿದ್ದರೂ, ಸೋಮವಾರದ ದಿನ ಕೈಯಲ್ಲಿ ಬರೆದದ್ದು ಬಹುತೇಕ ಏನೂ ಇರುವುದಿಲ್ಲ. ಮಂಗಳವಾರ ರಾತ್ರಿಯಿಡೀ ಬರವಣಿಗೆ. ಬುಧವಾರ ಮೇಜಿನ ಸುತ್ತ ಕೂತು ಸುಮಾರು ನಲವತ್ತು ಸ್ಕಿಟ್‌ಗಳ ವಾಚನ. ಅವುಗಳಲ್ಲಿ ಉಳಿಯುವ ಹನ್ನೆರಡಕ್ಕೋ ಹದಿಮೂರಕ್ಕೋ ಗುರುವಾರ, ಶುಕ್ರವಾರಗಳಲ್ಲಿ ಸೆಟ್ಟು, ಉಡುಪು, ವಿಗ್ಗು. ಶನಿವಾರ ರಾತ್ರಿ ಎಂಟಕ್ಕೆ ಬೇರೆಯದೇ ಪ್ರೇಕ್ಷಕರ ಮುಂದೆ ಪೂರ್ತಿ ವೇಷದ ರಿಹರ್ಸಲ್ ನಡೆಯುತ್ತದೆ. ಅಲ್ಲಿ ನಗು ಬರದ ಸ್ಕಿಟ್‌ಗಳನ್ನು ಕಿತ್ತುಹಾಕಿ, ಉಳಿದವುಗಳ ಸಾಲುಗಳನ್ನು ತಿದ್ದಿ, ತಿದ್ದಿದ್ದನ್ನು ದೊಡ್ಡ ದೊಡ್ಡ ಬಿಳಿ ರಟ್ಟುಗಳ ಮೇಲೆ ಕೈಯಿಂದಲೇ ಮತ್ತೆ ಬರೆಯುತ್ತಾರೆ. ಈ ಕ್ಯೂ ಕಾರ್ಡುಗಳನ್ನು ಕ್ಯಾಮೆರಾದ ಪಕ್ಕದಲ್ಲಿ ಹಿಡಿದು ನಿಲ್ಲುತ್ತಾರೆ. ಮಾತಾಡುವಾಗ ನಟರ ಕಣ್ಣು ಎದುರಿನವರನ್ನು ಬಿಟ್ಟು ಸ್ವಲ್ಪ ಓರೆಗೆ ಹೋಗುವುದನ್ನು ನೀವು ಗಮನಿಸಿರಬಹುದು. ಅವರು ಮಾತನ್ನು ಬಾಯಿಪಾಠ ಮಾಡಿಲ್ಲ, ಓದುತ್ತಿದ್ದಾರೆ; ಅದರಲ್ಲೂ ಕೆಲವು ಸಾಲುಗಳನ್ನು ಆ ರಾತ್ರಿಯೇ ಮೊದಲ ಬಾರಿಗೆ ಓದುತ್ತಿದ್ದಾರೆ.

ಹೀಗಿರುವಾಗ ನಗು ಜಾರುವುದು ಸೋಜಿಗವೇನಲ್ಲ. ಬಿಲ್ ಹೇಡರ್ ಅವರ ‘ಸ್ಟೆಫಾನ್’ ಪಾತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ಕಾರ್ಯಕ್ರಮದ ನಡುವೆ ಬರುವ ಅಣಕು ವಾರ್ತೆಯಲ್ಲಿ ಸೆತ್ ಮೇಯರ್ಸ್ ಪಕ್ಕ ಕೂತು, ನ್ಯೂಯಾರ್ಕಿಗೆ ಬರುವ ಪ್ರವಾಸಿ ಕುಟುಂಬಗಳಿಗೆ ಯಾರೂ ಕಾಲಿಡಬಾರದಂಥ ಕ್ಲಬ್ಬುಗಳನ್ನು ಶಿಫಾರಸು ಮಾಡುವವನು ಈ ಸ್ಟೆಫಾನ್. ಹೇಡರ್ ಜೊತೆ ಪಾತ್ರವನ್ನು ಬರೆಯುತ್ತಿದ್ದ ಜಾನ್ ಮಲೇನಿ, ರಿಹರ್ಸಲ್ ಮುಗಿದ ಮೇಲೆ ಹೇಡರ್‌ಗೆ ಹೇಳದೆಯೇ ಕಾರ್ಡಿನ ಕೆಲವು ಸಾಲುಗಳನ್ನು ಬದಲಿಸಿಬಿಡುತ್ತಿದ್ದರು. ಅಂದರೆ ಸ್ಟೆಫಾನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಳ್ಳುವಾಗ, ಆ ಜೋಕನ್ನು ಹೇಡರ್ ನಿಮ್ಮಂತೆಯೇ ಆಗಷ್ಟೇ ಕೇಳುತ್ತಿರುತ್ತಾರೆ. ಅದು ಬೇಕೆಂದು ತೋಡಿದ ಗುಂಡಿ. ಅದರೊಳಗೆ ಅವರು ಬೀಳದಂತೆ ಹೆಣಗುವುದೇ ಅಲ್ಲಿನ ಆಟ. ಮುಖ ಮುಚ್ಚಿಕೊಳ್ಳುವ ಆ ಕೈಗಳು ಕೊನೆಗೆ ಪಾತ್ರದ ಸಂಕೋಚವೇ ಆಗಿ ಹೊಂದಿಕೊಂಡದ್ದು ಅದೃಷ್ಟ.

ಈ ಗುಂಡಿ ತೋಡುವ ಕಲೆಗೆ ಗುರುವೆಂದರೆ ನಗೆನಟ ಟಿಮ್ ಕಾನ್ವೇ. 1967ರಿಂದ 1978ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ‘ಕ್ಯಾರೊಲ್ ಬರ್ನೆಟ್ ಷೋ’ ನೇರ ಪ್ರಸಾರದ್ದಲ್ಲ. ಒಂದೇ ದಿನ ಬೇರೆ ಬೇರೆ ಪ್ರೇಕ್ಷಕರ ಮುಂದೆ ಎರಡು ಸಲ ಆಡಿ, ಎರಡನ್ನೂ ಚಿತ್ರಿಸಿಕೊಳ್ಳುತ್ತಿದ್ದರು. ಮೊದಲ ಸಲ ಕಾನ್ವೇ ಬರೆದದ್ದನ್ನು ಬರೆದಂತೆಯೇ ಆಡುತ್ತಿದ್ದರು, ನಿರ್ದೇಶಕರಿಗೆ ಬೇಕಾದ ಶಾಟುಗಳೆಲ್ಲ ಸಿಕ್ಕಿವೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು, ಎರಡನೆಯ ಸಲ ತಮಗೆ ತೋಚಿದ್ದನ್ನು ಆಡಿ ಜೊತೆಗಾರ ಹಾರ್ವಿ ಕಾರ್ಮನ್ ಅವರನ್ನು ಕೆಡವುತ್ತಿದ್ದರು. ದಂತವೈದ್ಯನ ಸ್ಕಿಟ್ ಒಂದನ್ನು ನೋಡಿದರೆ ಸಾಕು. ಆಗತಾನೇ ಓದು ಮುಗಿಸಿದ ವೈದ್ಯ ಮರಗಟ್ಟಿಸುವ ಸೂಜಿಯನ್ನು ತನ್ನ ಕೈಗೇ ಚುಚ್ಚಿಕೊಳ್ಳುತ್ತಾನೆ, ಆಮೇಲೆ ತೊಡೆಗೆ. ಜೀವವಿಲ್ಲದ ಆ ಕೈಕಾಲುಗಳನ್ನು ಎಳೆದಾಡುತ್ತಲೇ ರೋಗಿಯ ಬಾಯಿಗೆ ಕೈಹಾಕಲು ಹೊರಡುತ್ತಾನೆ. ಕುರ್ಚಿಯಲ್ಲಿ ಮಲಗಿದ ಕಾರ್ಮನ್‌ಗೆ ನಗು ತಡೆಯಲಾಗದೆ ಮೈಯೆಲ್ಲ ಕುಲುಕುತ್ತದೆ, ಆದರೂ ಮುಖವನ್ನು ಆಚೆ ತಿರುಗಿಸಿ, ತುಟಿ ಕಚ್ಚಿ, ರೋಗಿಯ ನರಳಾಟದಂತೆ ಅದನ್ನು ಮರೆಮಾಚಲು ಪಡುವ ಪಾಡಿದೆಯಲ್ಲ, ನನ್ನ ಮಟ್ಟಿಗೆ ಆ ಸ್ಕಿಟ್‌ನ ಅರ್ಧ ನಗೆ ಅಲ್ಲಿದೆ. ಕಾರ್ಮನ್ ಸುಮ್ಮನೆ ನಕ್ಕುಬಿಟ್ಟಿದ್ದರೆ ನಾವು ಒಬ್ಬ ಸಂತೋಷವಾಗಿರುವ ಮನುಷ್ಯನನ್ನು ನೋಡುತ್ತಿದ್ದೆವು, ಅಷ್ಟೆ. ಲೊರ್ನ್ ಮೈಕಲ್ಸ್‌ಗೆ ಮಾತ್ರ ಈ ಬಗೆ ಹಿಡಿಸುತ್ತಿರಲಿಲ್ಲವೆಂದು, ನಕ್ಕರೆ ಅದು ಬರ್ನೆಟ್ ಷೋ ಆಗುತ್ತದೆಂದು ಅವರು ಗೊಣಗುತ್ತಿದ್ದರೆಂದು ಅವರ ಬಳಿ ದುಡಿದವರು ಹೇಳಿದ್ದಾರೆ. ಆದ್ದರಿಂದ ನಿಮ್ಮ ಅಕ್ಕನ ಮಕ್ಕಳು ಕಾರ್ಯಕ್ರಮದ ಸೊಗಸೆಂದು ತಿಳಿದಿರುವುದು, ಅದನ್ನು ಕಟ್ಟಿದವರ ಕಣ್ಣಿನಲ್ಲಿ ಬಹುಕಾಲ ಎಡವಟ್ಟಾಗಿತ್ತು.

ಇನ್ನು ನನ್ನ ತೀರ್ಪಿಗೆ ಆಧಾರವಾದ ಸ್ಕಿಟ್‌ಗೆ ಬರುತ್ತೇನೆ. 1993ರ ಮೇ 8ರ ರಾತ್ರಿ, ಪರೀಕ್ಷೆಗಾಗಿ ಎದ್ದಿದ್ದ ನಾವು ನಾಲ್ವರು ಬಾಡಿಗೆ ಮನೆಯ ಹಾಲಿನಲ್ಲಿ ಪುಸ್ತಕ ಮುಚ್ಚಿ ಟಿವಿ ಹಾಕಿದ್ದೆವು. ತೆರೆಯ ಮೇಲೆ ಒಂದು ಮಧ್ಯಮವರ್ಗದ ಮನೆ. ಗಾಂಜಾ ಸಿಕ್ಕಿದೆ, ಅದು ಮಗಳು ಮತ್ತು ಮಗನದು ಎಂದು ಅಪ್ಪ ಅಮ್ಮನಿಗೆ ಅನುಮಾನ. ಮಕ್ಕಳಿಗೆ ಬುದ್ಧಿ ಹೇಳಿಸಲು ಒಬ್ಬ ಪ್ರೇರಕ ಭಾಷಣಕಾರನನ್ನು ಕರೆಸಿದ್ದಾರೆ. ಆತ ನಾಲ್ಕು ಗಂಟೆಗಳಿಂದ ನೆಲಮಾಳಿಗೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ. ಹೆಸರು ಮ್ಯಾಟ್ ಫೋಲಿ. (ಕನ್ನಡದ ಕಿವಿಗೆ ಆ ಹೆಸರೇ ಅರ್ಧ ಕೆಲಸ ಮಾಡಿಬಿಡುತ್ತದೆ.) ಚೌಕಳಿ ಕೋಟು, ಎಣ್ಣೆ ಹಾಕಿ ಒತ್ತಿದ ಕೂದಲು, ಹೊಟ್ಟೆಯ ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರುವ ಪ್ಯಾಂಟು. ತನಗೆ ಮೂವತ್ತೈದು ವರ್ಷ, ವಿಚ್ಛೇದನವಾಗಿದೆ, ನದಿಯ ದಡದಲ್ಲಿ ನಿಲ್ಲಿಸಿದ ವ್ಯಾನಿನಲ್ಲಿ ವಾಸ ಎಂದು ಅಬ್ಬರಿಸುವುದೇ ಆತನ ಪರಿಚಯ. ನೀವೂ ಹೀಗೇ ಆಗುತ್ತೀರಿ ಎಂಬುದೇ ಉಪದೇಶ. ಆಡಿದವರು ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನ ಕ್ರಿಸ್ ಫಾರ್ಲಿ. ಬರೆದವರು ಬಾಬ್ ಓಡೆನ್‌ಕರ್ಕ್. ಇಬ್ಬರೂ ಷಿಕಾಗೊದ ‘ಸೆಕೆಂಡ್ ಸಿಟಿ’ ರಂಗತಂಡದಲ್ಲಿ ಇದ್ದಾಗಲೇ ಈ ಪಾತ್ರ ಹುಟ್ಟಿತ್ತು.

ಫಾರ್ಲಿ ಎರಡು ಮಾತಾಡುವಷ್ಟರಲ್ಲಿ ಮಗನ ಪಾತ್ರದ ಡೇವಿಡ್ ಸ್ಪೇಡ್, ಮಗಳಾದ ಅತಿಥಿ ನಟಿ ಕ್ರಿಸ್ಟೀನಾ ಆಪಲ್‌ಗೇಟ್, ಇಬ್ಬರೂ ಕೈಯಿಂದ ಮುಖ ಮುಚ್ಚಿಕೊಂಡರು. ಫಾರ್ಲಿ ಕಾಫಿ ಟೇಬಲ್ ಮೇಲೆ ಬಿದ್ದು ಅದನ್ನು ಪುಡಿ ಮಾಡಿದಾಗಲಂತೂ ಅವರು ಮುಗಿದೇಹೋಗಿದ್ದರು. ಮೂವತ್ತು ವರ್ಷಗಳಿಂದ ಜನ ಮಾತಾಡುವುದು ಈ ಟೇಬಲ್ಲಿನ ಬಗ್ಗೆ, ಆ ಇಬ್ಬರ ನಗುವಿನ ಬಗ್ಗೆ. ನಾನೂ ಎಷ್ಟೋ ಸಲ ಅದನ್ನೇ ನೋಡಿದೆ. ಆಮೇಲೆ ಒಮ್ಮೆ, ಯಾಕೋ, ಅಪ್ಪನ ಪಾತ್ರವನ್ನೇ ನೋಡುತ್ತಾ ಕೂತೆ. ತಾನು ಬರಹಗಾರನಾಗಬೇಕೆಂದು ಮಗ ಹೇಳುತ್ತಾನೆ. ಫೋಲಿ ಅದನ್ನು ಎತ್ತಾಡಿ, ಅಪ್ಪನ ಕಡೆ ತಿರುಗಿ, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಕೂತಿರುವುದು ಶೇಕ್ಸ್‌ಪಿಯರ್ ಏನು ಎಂದು ಕೇಳುತ್ತಾನೆ. ಆಗ ಆ ಅಪ್ಪ, ಮನೆಗೆ ಬಂದ ಅತಿಥಿಗೆ ತಪ್ಪು ತಿಳಿವಳಿಕೆಯಾಗಿದೆ, ನಯವಾಗಿ ತಿದ್ದೋಣ ಎಂಬ ಧಾಟಿಯಲ್ಲಿ, ಮಗನ ಬರವಣಿಗೆಗೆ ತಾವಿಬ್ಬರೂ ಉತ್ತೇಜನ ಕೊಟ್ಟಿದ್ದೇವೆ ಎಂದು ಹೇಳುತ್ತಾರೆ. ನಿಜವಾಗಿಯೂ ಚಿಂತೆಗೆ ಬಿದ್ದಿರುವ, ಮರ್ಯಾದಸ್ಥ, ಸ್ವಲ್ಪ ಪೆಚ್ಚು ತಂದೆಯ ದನಿ. ಫೋಲಿ ಅವರ ಬಾಯಿ ಮುಚ್ಚಿಸಿದಾಗ ಸ್ಟುಡಿಯೋ ಬಿದ್ದುಬಿದ್ದು ನಗುತ್ತದೆ. ಆ ನಗೆಗೆ ನೆಲ ಹದಮಾಡಿದ್ದು ಅಪ್ಪನ ಸೌಜನ್ಯ. ಎರಡು ಮಾರು ದೂರದಲ್ಲಿ ಮಕ್ಕಳಿಬ್ಬರೂ ನಗುತ್ತಿದ್ದರೂ ಅವರು ತಮ್ಮ ಮನೆಯಲ್ಲೇ ಇದ್ದರು. ಅವರು ಅಲ್ಲಿದ್ದುದರಿಂದಲೇ ಅದು ಮನೆಯಾಗಿ ಉಳಿಯಿತು. ಇಲ್ಲದಿದ್ದರೆ ಸ್ಟುಡಿಯೋದಲ್ಲಿ ಒಬ್ಬ ದಪ್ಪ ಮನುಷ್ಯ ಮೇಜು ಮುರಿದದ್ದಷ್ಟೇ ಕಾಣುತ್ತಿತ್ತು.

ಆ ಅಪ್ಪ ಫಿಲ್ ಹಾರ್ಟ್‌ಮನ್. ನನ್ನ ಮೆಚ್ಚಿನ ನಟ ಯಾರೆಂಬ ಪ್ರಶ್ನೆಗೆ ಇವರೇ ಉತ್ತರ. ನಟನಾಗುವ ಮೊದಲು ಗ್ರಾಫಿಕ್ ವಿನ್ಯಾಸಕಾರರಾಗಿ ಸಂಗೀತದ ಆಲ್ಬಮ್ಮುಗಳಿಗೆ ಹೊದಿಕೆ ಬರೆಯುತ್ತಿದ್ದವರು. ಲಾಸ್ ಏಂಜಲೀಸ್‌ನ ‘ಗ್ರೌಂಡ್ಲಿಂಗ್ಸ್’ ತಂಡದಲ್ಲಿ ಪಳಗಿ 1986ರಲ್ಲಿ ಈ ಕಾರ್ಯಕ್ರಮಕ್ಕೆ ಬಂದರು. ಜೊತೆಗಾರರು ಅವರಿಗೆ ಇಟ್ಟ ಅಡ್ಡಹೆಸರು ‘ಗ್ಲೂ’, ಅಂದರೆ ಅಂಟು. ಹಿಂದಿನ ವರ್ಷ, 1985–86ರಲ್ಲಿ, ರಾಬರ್ಟ್ ಡೌನಿ ಜೂನಿಯರ್, ಜೋನ್ ಕ್ಯೂಸ್ಯಾಕ್‌ರಂಥ ಹೆಸರುಗಳಿದ್ದೂ ಕಾರ್ಯಕ್ರಮ ನೆಲಕಚ್ಚಿತ್ತು. ಒಬ್ಬೊಬ್ಬರೂ ಪ್ರತಿಭಾವಂತರೇ, ಆದರೆ ಅಂಟು ಇರಲಿಲ್ಲ. ಮರುವರ್ಷ ಹಾರ್ಟ್‌ಮನ್, ನಟಿ ಜ್ಯಾನ್ ಹುಕ್ಸ್, ಡೇನಾ ಕಾರ್ವಿ ಬಂದರು; ಕಾರ್ಯಕ್ರಮ ಎದ್ದು ಕೂತಿತು. ಕಾರ್ವಿಯ ಮಿಮಿಕ್ರಿಗೆ ಜನ ಮರುಳಾದರು, ಆಗಲಿ. ಎದ್ದು ನಿಲ್ಲಿಸಿದವರು ಹಾರ್ಟ್‌ಮನ್ ಮತ್ತು ಹುಕ್ಸ್ ಎಂದು ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ಹಾರ್ಟ್‌ಮನ್ ಬರೀ ಪಕ್ಕವಾದ್ಯದವರಲ್ಲ. 1992ರ ಡಿಸೆಂಬರ್ 5ರ ಸ್ಕಿಟ್ ನೋಡಿ. ಚುನಾವಣೆ ಗೆದ್ದು ಇನ್ನೂ ಅಧಿಕಾರ ವಹಿಸಿಕೊಳ್ಳದ ಬಿಲ್ ಕ್ಲಿಂಟನ್ ಜಾಗಿಂಗ್ ನಡುವೆ ಮೆಕ್‌ಡೊನಾಲ್ಡ್ಸ್‌ಗೆ ನುಗ್ಗುತ್ತಾರೆ. ಜನರ ಕುಶಲ ವಿಚಾರಿಸುತ್ತಾ ಅವರ ತಟ್ಟೆಗಳಿಗೇ ಕೈಹಾಕುತ್ತಾರೆ. ಸೊಮಾಲಿಯಕ್ಕೆ ಕಳಿಸಿದ ಆಹಾರ ಹಸಿದವರಿಗೆ ಯಾಕೆ ತಲುಪುತ್ತಿಲ್ಲವೆಂದು ಒಬ್ಬರು ಕೇಳಿದಾಗ, ಇದು ನೆರವಿನ ಆಹಾರ, ಇದನ್ನು ಅಲ್ಲಿನ ಯುದ್ಧಕೋರ ನಾಯಕ ಹೀಗೆ ಕಿತ್ತುಕೊಳ್ಳುತ್ತಾನೆ ಎಂದು ವಿವರಿಸುತ್ತಾ ಎದುರಿನವರ ಬರ್ಗರನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಆ ದೇಶಕ್ಕೆ ಹೋಗಿ ನಾಲ್ಕು ತಿಂಗಳಾಗಿದ್ದ ನನಗೆ ಆಗ ಅವರ ಇಂಗ್ಲಿಷ್ ಪೂರ್ತಿ ಹಿಡಿಯುತ್ತಿರಲಿಲ್ಲ. ಆದರೂ ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದೆಲೆಗೆ ಕೈಹಾಕುವ ದೊಡ್ಡಮನುಷ್ಯನನ್ನು ಮದುವೆಮನೆಯ ಪಂಕ್ತಿಯಲ್ಲಿ ನಾನೂ ಕಂಡವನಲ್ಲವೇ! ಬಾಯ್ತುಂಬ ನಿಜವಾದ ತಿಂಡಿ ಇಟ್ಟುಕೊಂಡು, ನೇರ ಪ್ರಸಾರದಲ್ಲಿ, ಒಂದು ಶಬ್ದವೂ ಮುಕ್ಕಾಗದಂತೆ, ಕ್ಲಿಂಟನ್‌ರ ಗಡಸು ಗಂಟಲು ಸ್ವಲ್ಪವೂ ಕೈತಪ್ಪದಂತೆ ಆಡುವುದು ಎಂಥ ಹಿಡಿತ ಎಂಬುದು ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ತೋರಿಸಿ.

ಈ ಹಿಡಿತದ ಪರಂಪರೆಗೆ ಮೂಲ ಮೊದಲ ತಂಡದಲ್ಲೇ ಇತ್ತು. 1975ರ ಆ ಏಳು ಜನರಲ್ಲಿ ಜಾನ್ ಬೆಲೂಷಿ, ಚೆವಿ ಚೇಸ್, ಗಿಲ್ಡಾ ರಾಡ್ನರ್ ಹೆಸರು ಎಲ್ಲರ ಬಾಯಲ್ಲಿದೆ. ಜೇನ್ ಕರ್ಟಿನ್ ಅವರನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. 1976ರಿಂದ 1980ರವರೆಗೆ ಅಣಕು ವಾರ್ತೆ ಓದುತ್ತಿದ್ದವರು ಅವರು. ರಾಡ್ನರ್ ಆಡುತ್ತಿದ್ದ ಎಮಿಲಿ ಲಿಟೆಲಾ ಎಂಬ ಅಜ್ಜಿಗೆ ಕಿವಿ ಮಂದ. ಟಿವಿಯಲ್ಲಿ ‘ವಯಲೆನ್ಸ್’ ಹೆಚ್ಚಾಗಿದೆ ಎಂದದ್ದು ಆಕೆಗೆ ‘ವಯಲಿನ್ಸ್’ ಎಂದು ಕೇಳಿಸಿ, ಪಿಟೀಲಿನ ಮೇಲೆ ಇವರಿಗೆ ಏನು ಹಗೆ ಎಂದು ವಾರ್ತೆಯ ನಡುವೆ ಸಿಡುಕುತ್ತಾಳೆ. ತಪ್ಪು ತಿಳಿಸಿದ ಮೇಲೆ, ಓ, ಹಾಗಾದರೆ ಹೋಗಲಿ ಬಿಡಿ ಎಂದು ಮುಗುಳ್ನಗುತ್ತಾಳೆ. ಮೊದಲು ಚೇಸ್ ಎದುರಿಗೆ ಬಂದ ಈ ಅಜ್ಜಿ ಕರ್ಟಿನ್ ಎದುರಿಗೆ ಬಂದ ಮೇಲೆ ಇನ್ನೂ ಕಳೆಗಟ್ಟಿತು. ಚೇಸ್ ತಾವೂ ಒಂದು ನಗೆ ಗಿಟ್ಟಿಸುವ ಹವಣಿಕೆಯಲ್ಲಿರುತ್ತಿದ್ದರು. ಕರ್ಟಿನ್ ಮಾತ್ರ, ಮನೆಗೆ ಹೋಗಲು ತಡವಾಗುತ್ತಿರುವ ಬ್ಯಾಂಕ್ ಅಧಿಕಾರಿಯಂತೆ, ನಿಜವಾಗಿಯೂ ಸಿಟ್ಟಾಗುತ್ತಿದ್ದರು.

ಹಾಗೆಂದು ನಕ್ಕವರನ್ನೆಲ್ಲ ನಾನು ತಳ್ಳಿಹಾಕುವುದಿಲ್ಲ. 2004ರ ಮೇ 1ರಂದು ಬಂದ ‘ಡೆಬಿ ಡೌನರ್’ ಸ್ಕಿಟ್‌ನಲ್ಲಿ ರೇಚಲ್ ಡ್ರಾಚ್ ಆಡಿದ್ದು ‘ಶುಭ ನುಡಿಯೋ ಸೋಮ ಎಂದರೆ ಗೂಬೆ ಕಾಣ್ತಿದೆಯಲ್ಲೋ ಮಾಮ’ ಎಂಬ ಗಾದೆಯೇ ಹೆಣ್ಣಾಗಿ ಬಂದಂಥ ಪಾತ್ರ. ಡಿಸ್ನಿ ವರ್ಲ್ಡ್‌ನಲ್ಲಿ ಕುಟುಂಬವೆಲ್ಲ ಖುಷಿಯಾಗಿ ತಿಂಡಿಗೆ ಕೂತಿದ್ದರೆ ಈಕೆ ರೋಗರುಜಿನ, ಅನಾಹುತಗಳ ಮಾತು ತೆಗೆಯುತ್ತಾಳೆ. ಪ್ರತಿ ಸಲವೂ ಟ್ರಾಂಬೋನ್ ಎಂಬ ಕಹಳೆ ಒಂದು ಸೋತ ದನಿ ಎಳೆಯುತ್ತದೆ, ಕ್ಯಾಮೆರಾ ಆಕೆಯ ಮುಖಕ್ಕೆ ನುಗ್ಗುತ್ತದೆ. ತಪ್ಪಿಸಿಕೊಳ್ಳಲು ಎಡೆಯೇ ಇಲ್ಲ. ಡ್ರಾಚ್ ಮೊದಲು ಸೋತರು, ಆಮೇಲೆ ಮೇಜಿನ ಸುತ್ತ ಇದ್ದವರೆಲ್ಲ. ಹೊರೇಶಿಯೋ ಸಾಂಜ್ ತಟ್ಟೆಯಲ್ಲಿದ್ದ ವಾಫಲ್ ಎತ್ತಿ ಕಣ್ಣೊರೆಸಿಕೊಂಡರು. ಆದರೆ ಡ್ರಾಚ್ ಒಂದು ಸಾಲನ್ನೂ ಬಿಡಲಿಲ್ಲ. ಉಸಿರು ಕಟ್ಟಿ, ಮತ್ತೆ ಆ ಜೋಲುಮುಖ ಹಾಕಿ, ಮುಂದಿನ ಸಾವಿನ ಸುದ್ದಿಗೆ ಹೋದರು. ಸೋಲುತ್ತಿದ್ದರೂ ಪಟ್ಟು ಬಿಡದ ಈ ಪೈಲ್ವಾನಿಕೆಗೆ ನನ್ನ ನಮಸ್ಕಾರ. ಅತ್ತ 2000ದ ಏಪ್ರಿಲ್‌ನಲ್ಲಿ ಬಂದ ಕೌಬೆಲ್ (ದನದ ಕೊರಳಗಂಟೆಯಂಥ ತಾಳವಾದ್ಯ) ಸ್ಕಿಟ್‌ನಲ್ಲಿ ಜಿಮ್ಮಿ ಫ್ಯಾಲನ್ ನಕ್ಕದ್ದು ಕ್ಷಮಿಸುವಂಥದ್ದೇ, ವಿಲ್ ಫೆರೆಲ್ ಹೊಟ್ಟೆ ಕುಣಿಸುತ್ತಾ ಮೈಮೇಲೆ ಬಂದರೆ ಯಾರು ತಾನೇ ತಡೆದಾರು. ಆದರೆ ಫ್ಯಾಲನ್ ವಾರವಾರವೂ, ಚಿಕ್ಕ ಕಾರಣಕ್ಕೂ ನಗುತ್ತಿದ್ದರು. ನಕ್ಕರೆ ಚಪ್ಪಾಳೆ ಬೀಳುತ್ತದೆಂದು ಒಮ್ಮೆ ತಿಳಿದ ನಟನಿಗೆ ತಡೆಯುವ ಮನಸ್ಸೇ ಹೋಗುತ್ತದೆ. ಅದೇ ಸ್ಕಿಟ್‌ನಲ್ಲಿ ಸಂಗೀತ ನಿರ್ಮಾಪಕನಾಗಿ ಕ್ರಿಸ್ಟಫರ್ ವಾಕನ್ ಆ ಕೌಬೆಲ್ ಸದ್ದು ಇನ್ನೂ ಬೇಕು ಎಂದು, ಜೀವನ್ಮರಣದ ಪ್ರಶ್ನೆಯೆಂಬಂತೆ, ಕೇಳುತ್ತಾ ನಿಂತಿದ್ದಾರೆ. ಜನ ಇವತ್ತಿಗೂ ಉದ್ಧರಿಸುವುದು ಅವರ ಮಾತನ್ನು.

ನಮ್ಮ ಕಡೆಯಿಂದ ನೋಡಿದರೆ, ಪಾತ್ರ ಬಿಟ್ಟು ಹೊರಬರುವುದು ನಮಗೇನೂ ಹೊಸತಲ್ಲ. ಮಾಸ್ಟರ್ ಹಿರಣ್ಣಯ್ಯನವರು ನಾಟಕ ನಿಲ್ಲಿಸಿ ಅಂದಿನ ರಾಜಕಾರಣವನ್ನು ಝಾಡಿಸುವುದನ್ನೇ ಕಾಯುತ್ತಾ ಜನ ಕೂತಿರುತ್ತಿದ್ದರು. ಯಕ್ಷಗಾನದ ಹಾಸ್ಯಗಾರ ಭಾಗವತರನ್ನೇ ಮಾತಿಗೆಳೆಯುತ್ತಾನೆ. ಆದರೆ ಅವರು ಬಾಗಿಲು ತೆರೆದು ಹೊರಗೆ ಬಂದವರು, ಜಾರಿ ಬಿದ್ದವರಲ್ಲ. ಬೇಕೆಂದಾಗ ಒಳಗೆ ಹೋಗುವ ದಾರಿಯೂ ಅವರಿಗೆ ಗೊತ್ತಿತ್ತು. ನಿಮ್ಮ ತಂದೆಯವರು ಸಿಟ್ಟಾಗುವುದು ಜಾರುವಿಕೆಯ ಮೇಲೆ ಎಂದು ನಾನು ತಿಳಿದಿದ್ದೇನೆ. ನಮ್ಮ ವಾಹಿನಿಗಳ ‘ಕಾಮಿಡಿ ಕಿಲಾಡಿಗಳು’ ಮಾದರಿಯ ಸ್ಪರ್ಧೆಗಳಲ್ಲಿ ಬೇರೊಂದು ತೊಡಕಿದೆ: ಅಲ್ಲಿ ಕ್ಯಾಮೆರಾ ಮತ್ತೆ ಮತ್ತೆ ತೀರ್ಪುಗಾರರ ನಗುವಿಗೆ ಹೋಗುತ್ತದೆ. ಒಳ್ಳೆಯ ಮಾತಿಗೆ ಜೊತೆಗಾರನ ಮುಖ ಹೇಗೆ ಸ್ಪಂದಿಸಿತು ಎಂಬುದು ನಮಗೆ ಕಾಣುವುದೇ ಇಲ್ಲ. ಅಂಟಿನಂಥ ನಟರು ಕನ್ನಡದಲ್ಲಿ ಇಲ್ಲವೆಂದಲ್ಲ, ಅವರನ್ನು ತೋರಿಸುವ ಶಾಟು ಇಲ್ಲ.

ಈಗಿನವರಲ್ಲಿ 2003ರಿಂದ ಅಲ್ಲೇ ಇರುವ ಕೀನನ್ ಥಾಂಪ್ಸನ್ ಅವರನ್ನು ನೋಡಿ. ಅಷ್ಟು ದೀರ್ಘಕಾಲ ಆ ತಂಡದಲ್ಲಿ ಉಳಿದ ನಟರು ಬೇರೆ ಇಲ್ಲ. 2016ರ ಅಕ್ಟೋಬರ್‌ನ ಅಣಕು ಕ್ವಿಜ್ ಒಂದರಲ್ಲಿ ಅವರು ನಡೆಸಿಕೊಡುವವರು. ಕಪ್ಪು ಜನರ ಬದುಕಿನ ಪ್ರಶ್ನೆಗಳಿಗೆ ಉತ್ತರಿಸಲು ಬಂದ ಬಿಳಿಯ ಗ್ರಾಮಾಂತರದವನಾಗಿ ಟಾಮ್ ಹ್ಯಾಂಕ್ಸ್. ಎಲ್ಲರ ನಿರೀಕ್ಷೆ ಮೀರಿ ಆತ ಸರಿಯುತ್ತರ ಕೊಡುತ್ತಾ ಹೋಗುತ್ತಾನೆ. ಒಮ್ಮೆ ಕೈಕುಲುಕಲು ಆತ ಹತ್ತಿರ ಬಂದಾಗ ಥಾಂಪ್ಸನ್ ಬೆಚ್ಚಿ ಹಿಂದೆ ಸರಿಯುತ್ತಾರೆ, ಆಮೇಲೆ ಅರಿವಾಗಿ ಕೈ ಚಾಚುತ್ತಾರೆ. ಒಂದು ಮಾತೂ ಇಲ್ಲದ ಎರಡು ಸೆಕೆಂಡು. ಅವರು ಅಲ್ಲಿ ನಕ್ಕಿದ್ದರೆ ಆ ಹೆದರಿಕೆಯೂ ಸುಳ್ಳಾಗುತ್ತಿತ್ತು, ಕೈಕುಲುಕಿದ್ದೂ ಸುಳ್ಳಾಗುತ್ತಿತ್ತು.

ಹುಡುಕಿದರೆ ಸಿಗಬಹುದಾದ ಇನ್ನೊಂದು ತುಣುಕನ್ನು ಹೇಳಿ ಮುಗಿಸುತ್ತೇನೆ. 1994ರ ಮೇ 14, ಹಾರ್ಟ್‌ಮನ್ ಅವರ ಎಂಟು ವರ್ಷಗಳ ಕೊನೆಯ ರಾತ್ರಿ. ತಂಡದವರೆಲ್ಲ ಬೀಳ್ಕೊಡುಗೆಯ ಹಾಡು ಹಾಡುತ್ತಾ ಒಬ್ಬೊಬ್ಬರಾಗಿ ಮರೆಯಾದ ಮೇಲೆ ವೇದಿಕೆಯಲ್ಲಿ ಉಳಿಯುವವರು ಇಬ್ಬರೇ: ಹಾರ್ಟ್‌ಮನ್, ಅವರ ಪಕ್ಕದಲ್ಲಿ ಮಗುವಿನಂತೆ ನಿದ್ದೆಗೆ ಜಾರಿದ ಫಾರ್ಲಿ. ಇಲ್ಲಿನ ಎಂಟು ವರ್ಷಗಳನ್ನು ಮುಗಿಸಲು ಇದಕ್ಕಿಂತ ಘನತೆಯ ದಾರಿ ತಮಗೆ ತೋಚದೆಂದು ಹಾರ್ಟ್‌ಮನ್ ಹೇಳುತ್ತಾರೆ. ಫಾರ್ಲಿ 1997ರ ಡಿಸೆಂಬರ್‌ನಲ್ಲಿ, ಮೂವತ್ಮೂರನೆಯ ವಯಸ್ಸಿಗೆ ತೀರಿಕೊಂಡರು. ಐದು ತಿಂಗಳು ಕಳೆದು ಹಾರ್ಟ್‌ಮನ್ ಕೊಲೆಯಾದರು, ಅವರಿಗೆ ನಲವತ್ತೊಂಬತ್ತು. ಆ ರಾತ್ರಿ ಅದು ಯಾರಿಗೂ ಗೊತ್ತಿರಲಿಲ್ಲ. ಘನತೆ ಎಂದಾಗ ಸ್ಟುಡಿಯೋ ನಕ್ಕಿತು, ಮನೆಯಲ್ಲಿ ಕೂತ ನಾವೂ ನಕ್ಕೆವು. ಹಾರ್ಟ್‌ಮನ್ ಮಾತ್ರ ನಗಲಿಲ್ಲ, ಮಲಗಿದವರು ಏಳದಂತೆ ನಿಧಾನವಾಗಿ ನಮಗೆ ಕೈಬೀಸಿದರು.